ಮಳೆಗೆ ಮೊದಲೇ ಬರುವ ಚಿಗುರು

ಅವ್ವ ರಾಯಚೂರಿನಿಂದ ಕಾಚಿಗೂಡದ ನಮ್ಮ ಮನೆಗೆ ಬಂದಾಗಲೆಲ್ಲ ಬೆಳಿಗ್ಗೆ ಒಂದು ಸುತ್ತು ನಡೆದು ಬರುತ್ತಿದ್ದಳು. ಒಂದು ವರ್ಷ ಯುಗಾದಿಗೆ ಇನ್ನೂ ವಾರ ಇರುವಾಗ, ನೃಪತುಂಗ ಶಾಲೆಯ ಕಡೆ ಹೋಗುವ ಓಣಿಯಲ್ಲಿ ಒಂದು ಬೇವಿನ ಮರದ ಕೆಳಗೆ ನಿಂತುಬಿಟ್ಟಳು. ಹದಿನೈದು ದಿನದ ಹಿಂದೆ ಆ ಮರದ ಎಲೆಗಳು ಹಳದಿಯಾಗಿ ಉದುರಿ ರಸ್ತೆ ತುಂಬಿದ್ದವು. ಈಗ ಅದರ ತುದಿತುದಿಯಲ್ಲೂ ತಾಮ್ರ ಬಣ್ಣದ ಚಿಗುರು.

"ಮಳಿ ಹೋಗಿ ಐದು ತಿಂಗಳಾತು. ಮನುಷ್ಯಾರಿಗೇ ನಲ್ಲಿ ನೀರು ಸಾಲವಲ್ದು. ಈ ಗಿಡಕ್ಕ ಯಾರು ನೀರು ಹಾಕ್ಯಾರ, ಹಿಂಗ ಚಿಗತದ?" ಎಂದಳು.

ನಮ್ಮ ಕಡೆ ಮರಕ್ಕೂ ಗಿಡವೆಂದೇ ಹೆಸರು. ಅವ್ವನ ಪ್ರಶ್ನೆಗೆ ಆ ಹೊತ್ತು ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತ ಹೋದಂತೆ ತಿಳಿದದ್ದೇನೆಂದರೆ, ಸಸ್ಯವಿಜ್ಞಾನಿಗಳಿಗೂ ಇದು ಬಹಳ ಕಾಲ ಒಗಟಾಗಿಯೇ ಇತ್ತು. ಭೂಮಿ ಒಣಗಿ, ಗಾಳಿ ಕಾದು, ಆಕಾಶದಲ್ಲಿ ಒಂದು ತುಂಡು ಮೋಡವೂ ಇಲ್ಲದ ದಿನಗಳಲ್ಲಿ ಮರಗಳು ಹೊಸ ಎಲೆ ಬಿಡುವುದು ಯಾವ ಬಲದ ಮೇಲೆ? ಮಳೆ ಬಂದ ಮೇಲೆ ಚಿಗುರಿದರೆ ಸಾಲದೆ? ಈ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು ವಸಂತದ ದಿನಗಳಲ್ಲಿ ಹೈದರಾಬಾದಿನೊಳಗೆ, ಹೈದರಾಬಾದಿನಿಂದಾಚೆ ಮಾಡಬಹುದಾದ ಕೆಲವು ನಡಿಗೆಗಳ ಕುರಿತು ಇಲ್ಲಿ ಬರೆಯುತ್ತಿದ್ದೇನೆ.

ಓಣಿಯ ಮರಗಳು

ಮೊದಲ ನಡಿಗೆಗೆ ಊರು ಬಿಡಬೇಕಿಲ್ಲ. ನಿಜಾಮರ ಕಾಲದಲ್ಲಿ, 1916ರಲ್ಲಿ ಕಟ್ಟಿದ ಕಾಚಿಗೂಡ ರೈಲು ನಿಲ್ದಾಣದ ಗುಮ್ಮಟಗಳ ಎದುರಿನಿಂದ ಹೊರಟು, ಒಳ ಓಣಿಗಳಲ್ಲಿ ಒಂದು ತಾಸು ಸುತ್ತಿದರೆ ಸಾಕು. ಮಾರ್ಚ್‌ನಲ್ಲಿ ಇಲ್ಲಿ ಸೂರ್ಯ ಮೂಡುವುದು ಆರೂವರೆಯ ಹೊತ್ತಿಗೆ. ಎಂಟಾಗುವುದರೊಳಗೆ ಮನೆ ಸೇರಿದರೆ ಬಿಸಿಲು ತಾಗುವುದಿಲ್ಲ.

ಈ ಊರಿನ ಕನ್ನಡಿಗರಿಗೆ ಒಂದೊಂದು ಮರಕ್ಕೂ ಎರಡೆರಡು ಹೆಸರು. ಮನೆಯಲ್ಲಿ ಬೇವು, ಬೀದಿಯಲ್ಲಿ ವೇಪ. ಮನೆಯಲ್ಲಿ ಹೊಂಗೆ, ಬೀದಿಯಲ್ಲಿ ಕಾನುಗ. ಅರಳಿಗೆ ರಾವಿ, ಹುಣಸೆಗೆ ಚಿಂತ, ಮುತ್ತುಗಕ್ಕೆ ಮೋದುಗ. ಬೂರುಗ ಮಾತ್ರ ಎರಡು ಭಾಷೆಗೂ ಬೂರುಗವೇ. ಮರಗಳು ಚಿಗುರುವ ಬಗೆಯೂ ಇಷ್ಟೇ ವೈವಿಧ್ಯದ್ದು. ಹೊಂಗೆ ತನ್ನ ಹಳೆಯ ಎಲೆಗಳನ್ನು ಕೆಲವೇ ದಿನಗಳಲ್ಲಿ ಕಳಚಿ, ಎಣ್ಣೆ ಹಚ್ಚಿದಂತೆ ಹೊಳೆಯುವ ಎಳೆಹಸಿರು ಎಲೆಗಳನ್ನು ತೊಡುತ್ತದೆ. ಅರಳಿಯ ಚಿಗುರು ಕೆಂಪು. ಮೃದುವಾಗಿ ಜೋಲುಬಿದ್ದ ಆ ಎಲೆಗಳು ಕೆಂಪಿನಿಂದ ತಾಮ್ರಕ್ಕೆ, ತಾಮ್ರದಿಂದ ಎಳೆಹಸಿರಿಗೆ ತಿರುಗಲು ಒಂದೆರಡು ವಾರ ಬೇಕು.

ಎಳೆಯ ಎಲೆ ಕೆಂಪಾಗಿರುವುದಕ್ಕೆ ಆಂಥೋಸಯಾನಿನ್ ಎಂಬ ಬಣ್ಣದ ವಸ್ತು ಕಾರಣ. ಎಲೆಯಲ್ಲಿ ಹಸಿರು ತುಂಬುವ ಮೊದಲು, ಬೆಳಕನ್ನು ಬಳಸಿಕೊಳ್ಳುವ ಅಂಗಗಳು ಇನ್ನೂ ಸಿದ್ಧವಾಗದಿರುವಾಗ, ಮಾರ್ಚ್ ಬಿಸಿಲು ಅದರ ಅಂಗಾಂಶವನ್ನು ಸುಡಬಲ್ಲದು. ಕೆಂಪು ವಸ್ತು ಆ ಬೆಳಕಿನ ಒಂದು ಪಾಲನ್ನು ತಡೆದು ಕೊಡೆಯಂತೆ ಕಾಯುತ್ತದೆ. ಹಸಿರಿಲ್ಲದ ಎಲೆಯಲ್ಲಿ ಸಾರಜನಕವೂ ಕಡಿಮೆ ಇರುವುದರಿಂದ ಹುಳು ತಿಂದರೂ ಮರಕ್ಕೆ ದೊಡ್ಡ ನಷ್ಟವಿಲ್ಲ. ಎಲೆ ಗಟ್ಟಿಯಾದ ಮೇಲೆಯೇ ಅದರಲ್ಲಿ ಬಂಡವಾಳ ಹೂಡುವುದು ಇಂಥ ಮರಗಳ ರೀತಿ.

ಇದೇ ನಡಿಗೆಯಲ್ಲಿ ಕೋಗಿಲೆಯ ಕೂಗು ಕೇಳುತ್ತದೆ. ಕೂಗುವುದು ಕಪ್ಪು ಗಂಡು. ಚುಕ್ಕೆ ಚುಕ್ಕೆಯ ಕಂದು ಹೆಣ್ಣು ಎಲೆಗಳ ಮರೆಯಲ್ಲಿ ಕೂತಿರುತ್ತದೆ. ಕಾಗೆ ಗೂಡು ಕಟ್ಟುವ ಕಾಲಕ್ಕೆ ಸರಿಯಾಗಿ ಕೋಗಿಲೆಯ ದನಿ ಏರಬೇಕು, ಏಕೆಂದರೆ ಅದರ ಮೊಟ್ಟೆಗೆ ಕಾವು ಕೊಡಬೇಕಾದದ್ದು ಕಾಗೆ. ಕಾಗೆಯ ದಿನಚರಿ ತಪ್ಪಿದರೆ ಕೋಗಿಲೆಯ ಸಂತಾನವೂ ತಪ್ಪಿತು. ವಸಂತದಲ್ಲಿ ಒಂದು ಜೀವಿಯ ಗಡಿಯಾರ ಇನ್ನೊಂದರ ಗಡಿಯಾರಕ್ಕೆ ಹೀಗೆ ಕಟ್ಟಿಕೊಂಡಿರುತ್ತದೆ.

ಚಳಿಯ ಬೀಗ, ನೀರಿನ ಬೀಗ

ಹೋಲಿಕೆಗೆ ಮೊದಲು ಒಂದು ಚಳಿನಾಡನ್ನು ನೋಡೋಣ. ಇಂಗ್ಲೆಂಡಿನ ಗ್ರಾಮಾಂತರದಲ್ಲಿ ವಸಂತದ ನಡಿಗೆ ಎನ್ನುವುದು ಒಂದು ಹಳೆಯ ಪದ್ಧತಿ, ವಿಜ್ಞಾನಕ್ಕೂ ಅದರಿಂದ ದೊಡ್ಡ ಲಾಭವಾಗಿದೆ. ನಾರ್ಫೋಕ್ ಪ್ರಾಂತದ ರಾಬರ್ಟ್ ಮಾರ್ಷಮ್ ಎಂಬ ಜಮೀನುದಾರ 1736ರಿಂದ ತನ್ನ ತೋಟದ ಸುತ್ತ ಮೊದಲ ಹೂ ಅರಳಿದ ದಿನ, ಓಕ್ ಮರ ಮೊದಲ ಎಲೆ ಬಿಟ್ಟ ದಿನ, ಮೊದಲ ಕವಲುತೋಕೆ ಹಕ್ಕಿ ಕಾಣಿಸಿದ ದಿನ ಇವನ್ನೆಲ್ಲ ಬರೆದಿಡತೊಡಗಿದ. ಅವನ ನಂತರ ಮನೆತನದವರು ಆ ಕೆಲಸವನ್ನು 1958ರವರೆಗೆ ಮುಂದುವರಿಸಿದರು. ಗಿಡಮರ, ಪ್ರಾಣಿಪಕ್ಷಿಗಳ ಋತುಚರ್ಯೆಯನ್ನು ಅಳೆಯುವ ಶಾಸ್ತ್ರಕ್ಕೆ ಫೀನಾಲಜಿ ಎನ್ನುತ್ತಾರೆ. ಆ ಶಾಸ್ತ್ರದ ಹಳೆಯ ಆಧಾರಗಳಲ್ಲಿ ಈ ಒಂದು ಮನೆತನದ ಟಿಪ್ಪಣಿಯೂ ಸೇರಿದೆ.

ಅಲ್ಲಿನ ಮರದ ಮೊಗ್ಗಿಗೆ ಬೀಗ ಹಾಕಿರುವುದು ಚಳಿ. ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕಟ್ಟಿರುತ್ತದೆ. ಸಾಕಷ್ಟು ದಿನ ಚಳಿ ಉಂಡ ನಂತರವೇ ಅದು ಎಚ್ಚರಗೊಳ್ಳಲು ಒಪ್ಪುತ್ತದೆ, ಆಮೇಲೆ ಬೆಚ್ಚಗಿನ ದಿನಗಳು ಒಂದಾದಮೇಲೊಂದು ಸೇರಿದಾಗ ಒಡೆಯುತ್ತದೆ. ದಿನದ ಉದ್ದವೂ ಅಲ್ಲಿ ಎದ್ದು ಕಾಣುವ ಸೂಚನೆ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಿಮೆ, ಜೂನ್ ಹಗಲು ಹದಿನಾರೂವರೆ ಗಂಟೆ. ಮಾರ್ಚ್ ಕೊನೆಯಲ್ಲಿ ಅಲ್ಲಿ ಪ್ರತಿದಿನ ಸುಮಾರು ನಾಲ್ಕು ನಿಮಿಷ ಹಗಲು ಬೆಳೆಯುತ್ತದೆ.

ಹೈದರಾಬಾದು ಇರುವುದು ಸುಮಾರು 17.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 5 ನಿಮಿಷ, ಅತಿ ದೊಡ್ಡ ಹಗಲು 13 ಗಂಟೆ 10 ನಿಮಿಷ. ವರ್ಷದ ಏರಿಳಿತವೆಲ್ಲ ಸೇರಿ ಎರಡು ಗಂಟೆ ಚಿಲ್ಲರೆ. ಯುಗಾದಿಯ ಆಸುಪಾಸಿನಲ್ಲಿ ದಿನಕ್ಕೆ ಒಂದು ನಿಮಿಷದಷ್ಟು ಹಗಲು ಹೆಚ್ಚುತ್ತದೆ, ನಮ್ಮ ಗಮನಕ್ಕೆ ಬಾರದಷ್ಟು. ಮೊಗ್ಗನ್ನು ಮುಚ್ಚಿಡುವಷ್ಟು ಚಳಿಯೂ ಇಲ್ಲಿಲ್ಲ. ಹಾಗಾದರೆ ನಮ್ಮ ಮರಗಳ ಬೀಗ ಯಾವುದು?

ಅದು ನೀರು. ಹೈದರಾಬಾದಿಗೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಮೇಲೆ ಎಂಟು ತಿಂಗಳು ಮರಗಳು ನೆಲದಲ್ಲಿ ಉಳಿದದ್ದನ್ನೇ ನಂಬಿ ಬದುಕಬೇಕು. ಎಲೆಯೆಂದರೆ ಆಹಾರದ ಕಾರ್ಖಾನೆಯೂ ಹೌದು, ನೀರು ಸೋರುವ ತೂತೂ ಹೌದು. ಎಲೆಯ ಅಡಿಯಲ್ಲಿರುವ ಪತ್ರರಂಧ್ರಗಳು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳಲು ತೆರೆದಾಗಲೆಲ್ಲ ಆವಿ ಹೊರಹೋಗುತ್ತದೆ. ಚಳಿಗಾಲ ಮುಗಿಯುವ ಹೊತ್ತಿಗೆ ಹಳೆಯ ಎಲೆಯ ರಂಧ್ರಗಳು ಬಿಗಿಯಾಗಿ ಮುಚ್ಚಿಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತವೆ, ಗಾಳಿಯೂ ಒಣಗಿರುತ್ತದೆ. ವೆಚ್ಚ ಹೆಚ್ಚಾಗಿ ಆದಾಯ ಕುಸಿದಾಗ ಮರ ಎಲೆಗಳಲ್ಲಿನ ಸಾರಜನಕ, ರಂಜಕಗಳನ್ನು ಕಾಂಡಕ್ಕೆ ಹಿಂದೆಗೆದುಕೊಂಡು, ತೊಟ್ಟಿನ ಬುಡದಲ್ಲಿ ಬೆಂಡಿನ ಪದರ ಕಟ್ಟಿ, ಎಲೆಯನ್ನು ಕಳಚುತ್ತದೆ.

ಅವ್ವನ ಪ್ರಶ್ನೆಗೆ ಉತ್ತರದ ಮೊದಲ ಅರ್ಧ ಇಲ್ಲಿದೆ. ಎಲೆ ಉದುರಿದ ಕ್ಷಣ ಸೋರಿಕೆ ನಿಂತಿತು, ಆದರೆ ಬೇರಿನ ಕೆಲಸ ನಿಲ್ಲಲಿಲ್ಲ. ಆಳದ ಬೇರುಗಳು ಅಷ್ಟಷ್ಟೇ ತೇವವನ್ನು ಹೀರಿ ಮೇಲಕ್ಕೆ ಕಳಿಸುತ್ತಲೇ ಇರುತ್ತವೆ. ಖರ್ಚಿಲ್ಲದೆ ಜಮೆಯಾಗುವ ಈ ನೀರಿನಿಂದ ಕಾಂಡ ಮತ್ತೆ ತುಂಬಿಕೊಳ್ಳುತ್ತದೆ. ಸೂಕ್ಷ್ಮ ಅಳತೆಪಟ್ಟಿ ಕಟ್ಟಿ ನೋಡಿದರೆ ಎಲೆ ಕಳೆದುಕೊಂಡ ಮರದ ಕಾಂಡದ ಸುತ್ತಳತೆ ಕೊಂಚ ಹಿಗ್ಗುವುದು ಕಾಣುತ್ತದೆ. ಮೊಗ್ಗು ಒಡೆಯುವುದೆಂದರೆ ಒಳಗೆ ಮಡಿಸಿಟ್ಟ ಜೀವಕೋಶಗಳು ನೀರಿನ ಒತ್ತಡದಿಂದ ಉಬ್ಬಿ ಬಿಚ್ಚಿಕೊಳ್ಳುವುದು. ಕಾಂಡ ತುಂಬಿದಾಗ ಆ ಒತ್ತಡ ಸಿಗುತ್ತದೆ. ನಮ್ಮ ಕಣ್ಣಿಗೆ ಸತ್ತಂತೆ ಕಾಣುವ ಬೋಳು ಮರ ನಿಜವಾಗಿ ಕೊಡ ತುಂಬಿಸಿಕೊಳ್ಳುತ್ತಿರುವ ಮರ.

ಉಳಿದರ್ಧ ಸೂರ್ಯನ ಲೆಕ್ಕ. ರೋಲ್ಫ್ ಬೋರ್ಚರ್ಟ್ ಮತ್ತು ಸಂಗಡಿಗರು ಉಷ್ಣವಲಯದ ಒಣಕಾಡುಗಳ ಮರಗಳನ್ನು ಹಲವು ದೇಶಗಳಲ್ಲಿ ಗಮನಿಸಿ, 2002ರಲ್ಲಿ ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದರು. ಮಳೆಯೇ ಇಲ್ಲದಿದ್ದರೂ ಅನೇಕ ಜಾತಿಗಳು ವರ್ಷವರ್ಷವೂ ಹೆಚ್ಚುಕಡಿಮೆ ಅದೇ ವಾರಗಳಲ್ಲಿ, ಮಾರ್ಚ್ ವಿಷುವದ ಆಸುಪಾಸು, ಒಟ್ಟಿಗೆ ಚಿಗುರುತ್ತವೆ. ಅವುಗಳಿಗೆ ಸಿಗುವ ಸಂಜ್ಞೆ ಹಗಲಿನ ಉದ್ದದಲ್ಲಿ ಆಗುವ ಅರ್ಧಗಂಟೆಯಷ್ಟು ಅಥವಾ ಅದಕ್ಕೂ ಕಡಿಮೆ ಹೆಚ್ಚಳ. ಬೆಳಕು ಕತ್ತಲೆಗಳ ಅವಧಿಯನ್ನು ತಿಳಿಯಲು ಗಿಡಗಳಲ್ಲಿ ಫೈಟೋಕ್ರೋಮ್ ಎಂಬ ಪ್ರೋಟೀನು ಇದೆ. ನಮಗೆ ಗೊತ್ತಾಗದ ದಿನಕ್ಕೊಂದು ನಿಮಿಷದ ಬದಲಾವಣೆಯನ್ನು ಬೀದಿಯ ಮರ ಲೆಕ್ಕ ಇಟ್ಟಿರುತ್ತದೆ.

ಹುಣಸೆಯ ಸಾಕ್ಷಿ

ಎರಡನೆಯ ನಡಿಗೆ ಕಾಚಿಗೂಡದಿಂದ ಬಡಿಚೌಡಿ, ಕೋಠಿ ದಾಟಿ ಅಫ್ಜಲ್‌ಗಂಜ್ ಕಡೆಗೆ. ದಾರಿಯಲ್ಲಿ ಹಳೆಯ ಬ್ರಿಟಿಷ್ ರೆಸಿಡೆನ್ಸಿ ಸಿಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಎದ್ದ ಆ ಕಟ್ಟಡ ಆಮೇಲೆ ಹೆಣ್ಣುಮಕ್ಕಳ ಕಾಲೇಜಾಯಿತು. ಅಲ್ಲಿಂದ ಮುಂದೆ ಮೂಸಿ ನದಿಯ ದಂಡೆಯಲ್ಲಿ ಉಸ್ಮಾನಿಯಾ ಆಸ್ಪತ್ರೆಯ ಆವರಣ, ಅದರೊಳಗೆ ಒಂದು ಮುದಿ ಹುಣಸೆ.

1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹರಿದು ಊರಿನಲ್ಲಿ ಸಾವಿರಾರು ಜನ ಸತ್ತರು. ಈ ಮರದ ಕೊಂಬೆಗಳನ್ನು ಹಿಡಿದುಕೊಂಡು ಸುಮಾರು 150 ಮಂದಿ ಜೀವ ಉಳಿಸಿಕೊಂಡರೆಂದು ಊರು ನೆನೆಯುತ್ತದೆ. ಆ ದುರಂತದ ನಂತರ ನಿಜಾಮ ಸರ್ಕಾರ ಕರೆಸಿಕೊಂಡದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ನದಿಯ ಮೇಲುಭಾಗದಲ್ಲಿ ಪ್ರವಾಹ ತಡೆಯುವ ಜಲಾಶಯಗಳು ಬೇಕೆಂಬ ಅವರ ಸಲಹೆಯಿಂದ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮೈದಳೆದವು. ಊರವರು ಗಂಡಿಪೇಟೆ ಎಂದು ಕರೆಯುವ ಉಸ್ಮಾನ್ ಸಾಗರದ ದಂಡೆ ಇಂದಿಗೂ ಬುತ್ತಿ ಕಟ್ಟಿಕೊಂಡು ಹೋಗಿ ಒಂದು ದಿನ ಕಳೆದು ಬರುವ ಜಾಗ.

ಹುಣಸೆಯ ಮುಂದೆ ನಿಂತಾಗ ಗಮನಿಸಬೇಕಾದ ವೈಜ್ಞಾನಿಕ ಸಂಗತಿ ಬೇರೊಂದಿದೆ. ವಸಂತದಲ್ಲಿ ಇದು ಮುತ್ತುಗದಂತೆ ಪೂರ್ತಿ ಬೋಳಾಗುವುದಿಲ್ಲ. ಹಳೆಯ ಎಲೆ ಉದುರುತ್ತಿರುವಾಗಲೇ ಹೊಸ ಎಲೆ ಬರುತ್ತದೆ, ಕೊಂಬೆಯಲ್ಲಿ ಹಣ್ಣಾದ ಕಾಯಿ ತೂಗುತ್ತಿರುತ್ತದೆ. ಇದಕ್ಕೆ ಆಳಕ್ಕಿಳಿದ ಬೇರಿನ ಆಸರೆ ಬೇಕು. ಬೇರು ಎಷ್ಟು ಆಳವೋ ಬೋಳಾಗಿರುವ ಅವಧಿ ಅಷ್ಟು ಕಡಿಮೆ ಎನ್ನುವುದು ನಮ್ಮ ಒಣನಾಡಿನ ಮರಗಳನ್ನು ಓದುವುದಕ್ಕೆ ಒಂದು ಸರಳ ಸೂತ್ರ. ಸೂತ್ರಕ್ಕೆ ಅಪವಾದಗಳಿವೆ, ಆದರೆ ನಡಿಗೆಯಲ್ಲಿ ಪರೀಕ್ಷಿಸಿ ನೋಡಲು ಇದು ಒಳ್ಳೆಯ ಆರಂಭ.

ಬಂಡೆಯ ಮೇಲಿನ ವಿಶ್ವವಿದ್ಯಾಲಯ

ಮೂರನೆಯ ನಡಿಗೆಗೆ ಕಾಚಿಗೂಡದಲ್ಲಿ ಎಂಎಂಟಿಎಸ್ ಲೋಕಲ್ ರೈಲು ಹತ್ತಬೇಕು. ವಿದ್ಯಾನಗರ, ಜಾಮಿಯಾ ಉಸ್ಮಾನಿಯಾ, ಅದರ ಮುಂದೆ ಆರ್ಟ್ಸ್ ಕಾಲೇಜ್ ಎಂಬ ಹೆಸರಿನದೇ ಒಂದು ನಿಲ್ದಾಣ. ಇಳಿದು ನಡೆದರೆ ಉಸ್ಮಾನಿಯಾ ವಿಶ್ವವಿದ್ಯಾಲಯ. ಇದು ಸ್ಥಾಪನೆಯಾದದ್ದು 1918ರಲ್ಲಿ. ಗುಲಾಬಿ ಛಾಯೆಯ ಗ್ರಾನೈಟ್ ಕಲ್ಲಿನ ಆರ್ಟ್ಸ್ ಕಾಲೇಜು ಕಟ್ಟಡ ತೆರೆದದ್ದು 1939ರಲ್ಲಿ. ನಿಜಾಮರ ರಾಜ್ಯದ ಕಲಬುರಗಿ, ಬೀದರ, ರಾಯಚೂರುಗಳಿಂದ ಓದಲು ಬಂದ ಎಷ್ಟೋ ಕನ್ನಡದ ಹುಡುಗರು ಈ ಮೆಟ್ಟಿಲು ಹತ್ತಿದ್ದಾರೆ.

ಆ ಕಟ್ಟಡದ ಕಲ್ಲೂ ಸುತ್ತಲಿನ ಗುಂಡುಬಂಡೆಗಳೂ ಒಂದೇ ಬಳಗ. ಹೈದರಾಬಾದಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಭೂಮಿಯ ಆಳದಲ್ಲಿ ಗಟ್ಟಿಯಾದ ಶಿಲೆ, ಮೇಲಿನ ಪದರಗಳು ಸವೆದು ಹೋದಂತೆ ಒತ್ತಡ ಕಳೆದುಕೊಂಡು ಸೀಳು ಬಿಟ್ಟಿತು. ಸೀಳುಗಳಲ್ಲಿ ಇಳಿದ ನೀರು ಮೂಲೆಗಳನ್ನು ಮೊದಲು ಕರಗಿಸಿತು. ಚೌಕಾಕಾರದ ತುಂಡುಗಳು ಈರುಳ್ಳಿ ಸಿಪ್ಪೆಯಂತೆ ಪದರ ಬಿಟ್ಟು ಗುಂಡಗಾದವು. ಕಳಚಿದ ಪುಡಿಯೇ ನಾವು ಮೊರಂ ಎನ್ನುವ ಗರಸು ಮಣ್ಣು.

ಮರಗಳಿಗೆ ನೀರು ಹಾಕುವವರು ಯಾರು ಎಂಬ ಪ್ರಶ್ನೆಗೆ ಈ ಮೊರಂ ಕೂಡ ಒಂದು ಉತ್ತರ. ಮೇಲಿನ ಮಣ್ಣು ಒಂದೆರಡು ಅಡಿಯಷ್ಟೇ ಇದ್ದು ಜನವರಿಗೇ ಒಣಗುತ್ತದೆ. ಅದರ ಕೆಳಗಿನ ಕೊಳೆತ ಕಲ್ಲಿನ ಪದರ, ಅದರ ಕೆಳಗಿನ ಬಿರುಕುಗಳು ಮಳೆಗಾಲದ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟಿರುತ್ತವೆ. ಬೇವು, ಹೊಂಗೆಗಳ ಬೇರು ಆ ಬಿರುಕುಗಳನ್ನು ಹುಡುಕಿಕೊಂಡು ಹೋಗುತ್ತದೆ. ಬಾವಿ ತೋಡುವವರು ನೋಡುವುದೂ ಇದೇ ಬಿರುಕನ್ನು. ಬಂಡೆ ಒಡೆದು ನೆಲ ಸಮ ಮಾಡಿ ಕಾಂಕ್ರೀಟು ಹಾಸಿದಲ್ಲೆಲ್ಲ ಈ ಉಗ್ರಾಣಕ್ಕೆ ನೀರಿಳಿಯುವ ದಾರಿ ಮುಚ್ಚುತ್ತದೆ. ಅದರ ಫಲ ಮೊದಲು ಕಾಣುವುದು ವಸಂತದಲ್ಲಿ: ಚಿಗುರು ತಡವಾಗುತ್ತದೆ, ಅಥವಾ ಬಂದ ಚಿಗುರು ಬಾಡುತ್ತದೆ.

ಬಂಡೆಗಳ ಸಂದಿಯಲ್ಲಿ ಬೆಳೆಯುವ ಸೀತಾಫಲ ಇದಕ್ಕೆ ತದ್ವಿರುದ್ಧ ನಡತೆಯದು. ಅಮೆರಿಕದ ಉಷ್ಣವಲಯದಿಂದ ಬಂದು ದಖ್ಖನದ್ದೇ ಆಗಿಹೋದ ಈ ಗಿಡಕ್ಕೆ ಬೇರು ಆಳವಿಲ್ಲ. ಬೇವು ಚಿಗುರಿ ನಗುತ್ತಿರುವಾಗ ಇದು ಕಡ್ಡಿಯಾಗಿ ನಿಂತಿರುತ್ತದೆ. ಆರ್ಟ್ಸ್ ಕಾಲೇಜಿನ ಮುಂದಿನ ನಿಲ್ದಾಣದ ಹೆಸರೇ ಸೀತಾಫಲಮಂಡಿ. ಪಕ್ಕಪಕ್ಕದ ಎರಡು ಗಿಡ, ಒಂದಕ್ಕೆ ವಸಂತ ಬಂದಿದೆ, ಇನ್ನೊಂದಕ್ಕೆ ಬಂದಿಲ್ಲ. ವಸಂತವೆನ್ನುವುದು ಹವೆಯಲ್ಲಷ್ಟೇ ಇಲ್ಲ, ಒಂದೊಂದು ಗಿಡದ ಬೇರಿನ ಉದ್ದದಲ್ಲೂ ಇದೆ ಎನ್ನುವುದು ಇಲ್ಲಿ ಕಣ್ಣೆದುರೇ ಕಾಣುತ್ತದೆ.

ಮಳೆಗೆ ಮೊದಲೇ ಏಕೆ?

ಚಿಗುರಲು ನೀರು ಹೇಗೆ ಸಿಕ್ಕಿತೆಂಬುದು ತಿಳಿಯಿತು. ಆದರೆ ಇಷ್ಟು ಕಷ್ಟ ಏಕೆ? ಜೂನ್‌ವರೆಗೆ ಕಾಯಬಹುದಿತ್ತಲ್ಲ? ಸ್ಟೀಫನ್ ಎಲಿಯಟ್, ಪ್ಯಾಟ್ರಿಕ್ ಬೇಕರ್ ಮತ್ತು ಬೋರ್ಚರ್ಟ್ 2006ರಲ್ಲಿ ಥೈಲ್ಯಾಂಡಿನ ಕಾಡುಗಳನ್ನು ಕುರಿತು ಬರೆದಾಗ ಇದನ್ನು ಏಷ್ಯಾದ ಮಾನ್ಸೂನ್ ಕಾಡುಗಳ ವಿರೋಧಾಭಾಸವೆಂದೇ ಕರೆದರು.

ಒಂದು ಕಾರಣವನ್ನು ನಮ್ಮ ಪಕ್ಕದಲ್ಲೇ, ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೈ ಕಾಡಿನಲ್ಲಿ ಕೆ. ಎಸ್. ಮುರಳಿ ಮತ್ತು ರಾಮನ್ ಸುಕುಮಾರ್ ಕಂಡುಕೊಂಡರು. ಒಣ ದಿನಗಳಲ್ಲೇ ಮೊದಲಾಗಿ ಚಿಗುರಿದ ಮರಗಳ ಎಲೆಗಳನ್ನು ಹುಳುಗಳು ತಿಂದದ್ದು ಕಡಿಮೆ, ಮಳೆ ಬಂದ ಮೇಲೆ ಚಿಗುರಿದವುಗಳ ಎಲೆಗಳನ್ನು ತಿಂದದ್ದು ಹೆಚ್ಚು ಎಂದು ಅವರು 1993ರಲ್ಲಿ ವರದಿ ಮಾಡಿದರು. ಮಳೆಯ ಜೊತೆ ಕಂಬಳಿಹುಳುಗಳ ಸೈನ್ಯವೇ ಹುಟ್ಟುತ್ತದೆ. ಅಷ್ಟರೊಳಗೆ ಎಲೆ ಬಲಿತು ಗಟ್ಟಿಯಾಗಿ, ಕಹಿ ತುಂಬಿಕೊಂಡಿದ್ದರೆ ಹುಳುವಿನ ಹಲ್ಲಿಗೆ ಅದು ಸುಲಭದ ತುತ್ತಲ್ಲ.

ಇನ್ನೊಂದು ಕಾರಣ ಬೆಳಕು. ಮಳೆಗಾಲದ ಆಕಾಶ ಮೋಡದ್ದು. ಏಪ್ರಿಲ್, ಮೇ ತಿಂಗಳ ಬಿಸಿಲು ಮಾತ್ರ ತಡೆಯಿಲ್ಲದ್ದು. ಎಲೆ ಬಲಿಯಲು ಕೆಲವು ವಾರ ಬೇಕು. ಮಾರ್ಚ್‌ನಲ್ಲಿ ಬಿಟ್ಟ ಎಲೆ ಮೊದಲ ಮಳೆ ಬೀಳುವ ದಿನ ಪೂರ್ಣ ಸಾಮರ್ಥ್ಯದಲ್ಲಿ ಸಿದ್ಧವಾಗಿರುತ್ತದೆ. ಒಣಗಿದ ಮಣ್ಣು ಮೊದಲ ಸಲ ನೆನೆದಾಗ ಅದರೊಳಗಿನ ಸೂಕ್ಷ್ಮಜೀವಿಗಳು ಎಚ್ಚೆತ್ತು ಪೋಷಕಾಂಶಗಳನ್ನು ಒಮ್ಮೆಲೇ ಬಿಡುಗಡೆ ಮಾಡುತ್ತವೆ. ಆ ಹಬ್ಬದೂಟಕ್ಕೆ ಎಲೆ ಹಾಸಿಕೊಂಡು ಕಾದು ಕೂತವರಿಗೆ ಮೊದಲ ಪಂಕ್ತಿ. ರೋಹಿಣಿಗೆ ಮೊದಲೇ ಹೊಲ ಹರಗಿ ಇಟ್ಟುಕೊಳ್ಳುವ ರೈತನಿಗೆ ಈ ಲೆಕ್ಕವನ್ನು ಯಾರೂ ವಿವರಿಸಬೇಕಾಗಿಲ್ಲ.

ಹೂವಿನ ವಿಷಯದಲ್ಲೂ ಇದೇ ಮುಂದಾಲೋಚನೆ. ಬೇವಿನ ಬೀಜ ನೆಲಕ್ಕೆ ಬಿದ್ದ ಮೇಲೆ ಮೊಳೆಯುವ ಶಕ್ತಿಯನ್ನು ಕೆಲವೇ ವಾರಗಳಲ್ಲಿ ಕಳೆದುಕೊಳ್ಳುತ್ತದೆ. ಆದ್ದರಿಂದ ಹಣ್ಣು ಬೀಳುವುದು ಮಳೆಗೆ ಸರಿಯಾಗಿ, ಜೂನ್ ಜುಲೈಯಲ್ಲಿ ಆಗಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಹೂ ಅರಳಬೇಕಾದದ್ದು ಮಾರ್ಚ್ ಏಪ್ರಿಲ್‌ನಲ್ಲಿ. ಮರದ ವಸಂತವನ್ನು ನಿಗದಿ ಮಾಡಿರುವುದು ಮುಂದಿನ ಮಳೆ.

ಕಿಟಕಿಯಲ್ಲಿ ಮುತ್ತುಗ

ಒಂದು ಪೂರ್ತಿ ದಿನ ಬಿಡುವಿದ್ದವರು ಪಶ್ಚಿಮಕ್ಕೆ ಹೋಗಬೇಕು. ಸಿಕಂದರಾಬಾದಿನಿಂದ ವಿಕಾರಾಬಾದ್, ತಾಂಡೂರು, ಚಿತ್ತಾಪುರ ದಾಟಿ ವಾಡಿಗೆ ಹೋಗುವ ರೈಲುದಾರಿ ನಮ್ಮ ಕಡೆಯವರ ತವರುದಾರಿ. ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಈ ದಾರಿಯಲ್ಲಿ ಕಿಟಕಿ ಪಕ್ಕ ಕೂತವರು ಓದುವ ಪುಸ್ತಕ ಮಡಿಸಿಡುವುದು ಒಳ್ಳೆಯದು. ಬೀಳು ನೆಲದಲ್ಲಿ, ಹೊಲದ ಬದುವಿನಲ್ಲಿ ಒಂದೂ ಎಲೆಯಿಲ್ಲದ ಮುತ್ತುಗಗಳು ಕೊಂಬೆ ತುಂಬ ಕೆಂಡ ಹೊತ್ತು ನಿಂತಿರುತ್ತವೆ.

ಎಲೆಯಿಲ್ಲದೆ ಹೂ ಬಿಡುವುದರಿಂದ ಮುತ್ತುಗಕ್ಕೆ ಎರಡು ಲಾಭ. ಎಲೆಗೆ ಖರ್ಚಾಗಬೇಕಿದ್ದ ನೀರು ಹೂವಿಗೆ ದಕ್ಕುತ್ತದೆ, ಹೂವು ದೂರದಿಂದ ಕಾಣುತ್ತದೆ. ಕಾಣಬೇಕಾದದ್ದು ಹಕ್ಕಿಗಳಿಗೆ. ಗಿಳಿಯ ಕೊಕ್ಕಿನಂತೆ ಬಾಗಿದ ದಳಗಳ ಬುಡದಲ್ಲಿ ಮಕರಂದವಿದೆ. ಸೂರಕ್ಕಿ, ಮೈನಾ, ಅಳಿಲುಗಳು ಅದಕ್ಕಾಗಿ ಮುಖ ತೂರಿಸಿದಾಗ ಪರಾಗ ತಲೆಗೆ ಅಂಟುತ್ತದೆ. ಮಧ್ಯ ಏಷ್ಯಾ ಕಡೆಯಿಂದ ಚಳಿಗಾಲಕ್ಕೆ ಬಂದ ಗುಲಾಬಿ ಮೈನಾಗಳ ಹಿಂಡು ಮರಳಿ ಹೊರಡುವ ಮುನ್ನ ಮುತ್ತುಗ, ಬೂರುಗಗಳ ಮಕರಂದವನ್ನು ಹೀರಿ ಮೈ ತುಂಬಿಕೊಳ್ಳುತ್ತದೆ. ಹೂವನ್ನು ಕುದಿಸಿದರೆ ಬಿಡುವ ಹಳದಿ ಕೇಸರಿ ಬಣ್ಣವೇ ಹಿಂದೆ ಹೋಳಿಯ ಓಕುಳಿ. ಏಪ್ರಿಲ್‌ನಲ್ಲಿ ಬರುವ ಮೂರೆಲೆಗಳು ಊಟದ ಪತ್ರಾವಳಿ.

ವಿಕಾರಾಬಾದಿನಲ್ಲಿ ಇಳಿದರೆ ಹತ್ತಿರದಲ್ಲೇ ಅನಂತಗಿರಿ ಗುಡ್ಡ. ಹೈದರಾಬಾದಿನಿಂದ ಸುಮಾರು 75 ಕಿಲೋಮೀಟರ್. ಮೂಸಿ ಹುಟ್ಟುವುದು ಇಲ್ಲೇ. ಗ್ರಾನೈಟಿನ ಬದಲು ಇಲ್ಲಿ ಕರಿಕಲ್ಲು, ಅದರ ಮೇಲೆ ಕೆಂಪು ಜಂಬಿಟ್ಟಿಗೆಯ ಪದರ. ನೆಲ ಬೇರೆಯಾದಂತೆ ಮರಗಳ ವೇಳಾಪಟ್ಟಿಯೂ ಬೇರೆ. ಮಾರ್ಚ್‌ನಲ್ಲಿ ಒಂದೇ ಇಳಿಜಾರಿನಲ್ಲಿ ಬೋಳು ಮರ, ಹೂ ಮರ, ಚಿಗುರು ಮರ ಮೂರನ್ನೂ ನೋಡಬಹುದು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುವುದು ಎಂಥ ಪಾಠವಾಗಬಲ್ಲದು ಎಂಬುದನ್ನು ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಕನ್ನಡಕ್ಕೆ ತೋರಿಸಿಕೊಟ್ಟಿದೆ. ಅನಂತಗಿರಿ ಅಂಥ ಪಾಠಕ್ಕೆ ತಕ್ಕ ಶಾಲೆ.

ಒಂದು ಮರದ ದಿನಚರಿ

ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂ ಅರಳಿದ ದಿನಗಳ ದಾಖಲೆ ಒಂಬತ್ತನೆಯ ಶತಮಾನದಿಂದ ಸಿಗುತ್ತದೆ. ಇತ್ತೀಚಿನ ದಶಕಗಳಲ್ಲಿ ಹೂವು ಹಿಂದೆಂದಿಗಿಂತ ಬೇಗ ಅರಳುತ್ತಿದೆ ಎಂದು ಆ ದಾಖಲೆಯಿಂದಲೇ ತಿಳಿಯಿತು. ಬ್ರಿಟನ್ನಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಟಿಪ್ಪಣಿಗಳನ್ನು ಸೇರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನ, 1986ಕ್ಕೆ ಹಿಂದಿನ ಕಾಲಕ್ಕೆ ಹೋಲಿಸಿದರೆ ಅಲ್ಲಿನ ಗಿಡಗಳು ಈಗ ಸರಾಸರಿ ಸುಮಾರು ಒಂದು ತಿಂಗಳು ಮೊದಲೇ ಹೂ ಬಿಡುತ್ತಿವೆ ಎಂದಿತು. ತೋಟಗಾರರು, ಪಾದ್ರಿಗಳು, ಮಾರ್ಷಮ್‌ನಂಥ ಜಮೀನುದಾರರು ನಡೆದು ನೋಡಿ ಬರೆದಿಟ್ಟದ್ದರಿಂದ ಈ ಮಾತು ಹೇಳಲು ಸಾಧ್ಯವಾಯಿತು.

ನಮ್ಮ ಮರಗಳಿಗೆ ಅಷ್ಟು ಉದ್ದದ ದಾಖಲೆ ವಿರಳ. ಭಾರತದಲ್ಲಿ ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಶಾಲಾ ಮಕ್ಕಳೂ ದೊಡ್ಡವರೂ ಸೇರಿ ಈ ಕೆಲಸ ಮಾಡುತ್ತಿದ್ದಾರೆ. ಅದರ ವಿಧಾನ ಯಾರಿಗೂ ಕಷ್ಟವಲ್ಲ. ಒಂದು ಮರವನ್ನು ಆರಿಸಿಕೊಳ್ಳುವುದು, ವಾರಕ್ಕೊಮ್ಮೆ ಅದರ ಮುಂದೆ ಎರಡು ನಿಮಿಷ ನಿಂತು ಎಳೆಯ ಎಲೆ, ಬಲಿತ ಎಲೆ, ಮೊಗ್ಗು, ಹೂವು, ಕಾಯಿ, ಹಣ್ಣು ಇವು ಇಲ್ಲವೋ, ಸ್ವಲ್ಪವೋ, ಬಹಳವೋ ಎಂದು ಬರೆಯುವುದು. ಹಗಲಿನ ಉದ್ದದ ಲೆಕ್ಕ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ, ಆದರೆ ತಾಪ ಮತ್ತು ಮಳೆಯ ವೇಳೆ ಬದಲಾಗುತ್ತಿವೆ. ಸೂರ್ಯನನ್ನು ನಂಬಿ ಚಿಗುರುವ ಮರ ಮತ್ತು ಬಿಸಿಗೆ ತಕ್ಕಂತೆ ಹುಟ್ಟುವ ಹುಳು, ಇವುಗಳ ನಡುವಿನ ಹೊಂದಾಣಿಕೆ ತಪ್ಪುತ್ತಿದೆಯೇ ಎಂಬುದನ್ನು ತಿಳಿಯಲು ಇಂಥ ಸಾವಿರಾರು ಟಿಪ್ಪಣಿಗಳು ಬೇಕು. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಸಂಜೆ ಕಾರ್ಯಕ್ರಮಕ್ಕೆ ಬರುವವರೆಲ್ಲ ದಾರಿಯ ಒಂದೊಂದು ಮರವನ್ನು ಹಂಚಿಕೊಂಡರೂ ಒಂದು ಬಡಾವಣೆಯ ವಸಂತ ದಾಖಲಾದೀತು.

ಇಂಥ ಗಮನ ನಮಗೆ ಹೊಸದೂ ಅಲ್ಲ. ಯುಗಾದಿಯ ತಟ್ಟೆಯನ್ನೇ ನೋಡಿ. ತೆಲುಗರ ಪಚ್ಚಡಿಗೆ ಬೇವಿನ ಹೂ, ಎಳೆ ಮಾವಿನಕಾಯಿ, ಹೊಸ ಹುಣಸೆ ಬೇಕು. ನಮ್ಮ ಕಡೆ ಬೇವು ತಿನ್ನುವುದಲ್ಲ, ಕುಡಿಯುವುದು. ಅದಕ್ಕೂ ಬೇವಿನ ಹೂ, ಹುಣಸೆ, ಬೆಲ್ಲ, ಮಾವು, ಪುಟಾಣಿ ಎಲ್ಲ ಸೇರಬೇಕು. ಮೂರು ಮರಗಳು ಒಂದೇ ದಿನ ಯಾವ ಸ್ಥಿತಿಯಲ್ಲಿರಬೇಕು ಎಂಬ ನಿರೀಕ್ಷೆಯೇ ಈ ಅಡುಗೆ. ಆದರೆ ಹಬ್ಬ ನಡೆಯುವುದು ಚಂದ್ರನ ಲೆಕ್ಕದಲ್ಲಿ. ಹನ್ನೆರಡು ಚಾಂದ್ರಮಾಸಗಳ ವರ್ಷ ಸೌರವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಅಧಿಕಮಾಸ ಬಂದು ಸರಿದೂಗಿಸುವವರೆಗೆ ಯುಗಾದಿ ಹಿಂದೆ ಸರಿಯುತ್ತ ಹೋಗುತ್ತದೆ. 2023ರಲ್ಲಿ ಅದು ಮಾರ್ಚ್ 22ಕ್ಕೆ ಬಂತು, 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ. ಮರ ಮಾತ್ರ ಸೂರ್ಯನದು. ಹಬ್ಬ ಬೇಗ ಬಂದ ವರ್ಷ ಬೇವು ಇನ್ನೂ ಮೊಗ್ಗಿನಲ್ಲಿರುತ್ತದೆ, ತಡವಾದ ವರ್ಷ ಹೂವೆಲ್ಲ ನೆಲದ ಮೇಲಿರುತ್ತದೆ.

ಅವ್ವ ಇದನ್ನು ತನ್ನ ರೀತಿಯಲ್ಲಿ ಬಿಡಿಸಿಕೊಂಡಿದ್ದಳು. ಹೂ ಉದುರುವ ದಿನಗಳಲ್ಲಿ ಮರದ ಕೆಳಗೆ ಹಳೆಯ ಸೀರೆ ಹಾಸಿ, ಬಿದ್ದ ಹೂವನ್ನು ಜರಡಿಯಲ್ಲಿ ಕೇರಿ, ನೆರಳಲ್ಲಿ ಒಣಗಿಸಿ ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ಮುಂದಿನ ಯುಗಾದಿಗೆ ಮರದಲ್ಲಿ ಹೂವಿದ್ದರೆ ಹಸಿ ಹೂ, ಇಲ್ಲದಿದ್ದರೆ ಡಬ್ಬಿಯ ಹೂ. ಆ ಡಬ್ಬಿ ಈಗ ನಮ್ಮ ಮನೆಯಲ್ಲಿದೆ. ಅದರ ಮುಚ್ಚಳದ ಒಳಗೆ ಪ್ರತಿವರ್ಷ ಒಂದು ಚೀಟಿ ಅಂಟಿಸುತ್ತೇನೆ: ಓಣಿಯ ಬೇವು ಮೊದಲ ಹೂ ಬಿಟ್ಟ ತಾರೀಖು.